ಗಂಡನ ಜೇಬಿನಲ್ಲಿ ಹೆಂಗಸರ ಮಾತ್ರೆ

ಆಗ ನಾನು ದಾದರ್ ಹತ್ತಿರದ ಒಂದು ಪ್ರಯೋಗಾಲಯದಲ್ಲಿದ್ದೆ. ಗಂಡು ಇಲಿಗಳಲ್ಲಿ ಈಸ್ಟ್ರೋಜನ್ ಕೆಲಸ ಮಾಡದಂತೆ ತಡೆದರೆ ಏನಾಗುತ್ತದೆ ಎಂದು ನೋಡುವುದು ನಮ್ಮ ತಂಡದ ಕೆಲಸ. ಅದು ಹೆಣ್ಣಿನ ಹಾರ್ಮೋನು ಎಂದೇ ಓದಿಕೊಂಡು ಬಂದವಳಿಗೆ, ಗಂಡಿಗೂ ಅದು ಬೇಕು ಎಂದು ತೋರಿಸಿದ್ದು ಆ ಇಲಿಗಳು. ಮದ್ದು ಕೊಟ್ಟ ಮೇಲೆ ಅವುಗಳ ವೃಷಣದ ತೂಕ ಮೊದಮೊದಲು ಹೆಚ್ಚುತ್ತಿತ್ತು. ಆದರೆ ಅದು ಬೆಳವಣಿಗೆಯಲ್ಲ, ಒಳಗೆ ನಿಂತ ದ್ರವ. ಅದನ್ನು ಹೀರಿಕೊಳ್ಳಬೇಕಾದ ಸಣ್ಣ ನಾಳಗಳು ಹೀರದೆ ಉಬ್ಬಿಕೊಳ್ಳುತ್ತಿದ್ದವು. ಆ ಒತ್ತಡಕ್ಕೆ ಕೊನೆಗೆ ವೃಷಣವೇ ಸೊರಗುತ್ತಿತ್ತು.

ಒಂದು ಭಾನುವಾರ ಬೊರಿವಲಿಯ ಮನೆಯಲ್ಲಿ ಬಟ್ಟೆ ನೆನೆಸುವಾಗ ಗಂಡನ ಪ್ಯಾಂಟಿನ ಜೇಬಿನಲ್ಲಿ ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಬಸಿರಾಗದ ಹೆಂಗಸರಿಗೆ ಕೊಡುವ ಮಾತ್ರೆ. ನಮಗೆ ಮಕ್ಕಳಿರಲಿಲ್ಲ, ನಿಜ. ಆದರೆ ನನಗೆ ಯಾರೂ ಅದನ್ನು ಬರೆದುಕೊಟ್ಟಿರಲಿಲ್ಲ. ಹಾಗಾದರೆ ಯಾರಿಗೆ? ಲೋಕಲ್ ರೈಲು ಲೇಟಾಯಿತು ಎಂದು ಅವರು ಹೇಳಿದ ಸಂಜೆಗಳೆಲ್ಲ ನೆನಪಾದವು. ಸ್ಟ್ರಿಪ್ಪನ್ನು ಜೇಬಿನಲ್ಲೇ ಇಟ್ಟು ಆ ಪ್ಯಾಂಟನ್ನು ಒಗೆಯದೆ ಬಿಟ್ಟೆ.

ಮರುದಿನ ಬೆಳಿಗ್ಗೆ ಅವರು ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ನಿಂತು ಏನನ್ನೋ ನುಂಗಿದರು.

"ಏನ್ರೀ ಅದು?"

"ತಲೆನೋವಿನ ಮಾತ್ರೆ."

"ತಲೆನೋವಿಗೆ ಹೆಂಗಸರ ಮಾತ್ರೆ ತಗೋತಾರಾ?"

ಅವರು ಲೋಟ ಕೆಳಗಿಟ್ಟರು. "ಟೆಸ್ಟ್ ಮಾಡಿಸ್ದೆ ಕಣೆ. ವೀರ್ಯಾಣು ಕೌಂಟ್ ಕಮ್ಮಿ ಇದೆಯಂತೆ. ಇಷ್ಟು ವರ್ಷ ಎಲ್ಲಾರೂ ನಿನ್ನನ್ನೇ ಡಾಕ್ಟರ ಹತ್ರ ಓಡಾಡಿಸಿದ್ರು. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಬೇರೆ ಹೆಂಗಸಿಲ್ಲ ಎಂಬ ಸಮಾಧಾನ ಕಾಫಿ ಆರುವಷ್ಟು ಹೊತ್ತೂ ಉಳಿಯಲಿಲ್ಲ. ಆ ಮಾತ್ರೆಯೂ ಈಸ್ಟ್ರೋಜನ್ ತಡೆಯುವಂಥದ್ದೇ. ಇಲಿಗಳಿಗೆ ಆದದ್ದನ್ನು ಹೇಳಿದೆ.

"ನಾನೇನು ಇಲಿನಾ?" ಎಂದರು.

"ಅಲ್ಲ. ಆದ್ರೂ ಡಾಕ್ಟರನ್ನ ಕೇಳ್ಲೇಬೇಕು."

ಅದೇ ವಾರ ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರ ಬಳಿಗೆ ಇಬ್ಬರೂ ಹೋದೆವು. ವಯಸ್ಸಾದ ಆ ಡಾಕ್ಟರು ನನ್ನ ಮಾತನ್ನು ಪೂರ್ತಿ ಕೇಳಿ ಹಿಂದಿಯಲ್ಲಿ ವಿವರಿಸಿದರು. ನಮ್ಮ ಇಲಿಗಳಿಗೆ ಕೊಟ್ಟದ್ದು ಮೈಯ ಎಲ್ಲ ಕಡೆ ಈಸ್ಟ್ರೋಜನ್ ತಡೆಯುತ್ತದೆ. ಈ ಮಾತ್ರೆಯ ಕೆಲಸ ಮುಖ್ಯವಾಗಿ ಮೆದುಳಿನಲ್ಲಿ. ಈಸ್ಟ್ರೋಜನ್ ಸಾಲದು ಎಂದುಕೊಂಡ ಮೆದುಳು ವೃಷಣವನ್ನು ಇನ್ನಷ್ಟು ದುಡಿಸುತ್ತದೆ.

"ಹಾಗಾದ್ರೆ ನಾಳಗಳಿಗೆ ಏನೂ ಆಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ?" ಎಂದೆ.

"ಗ್ಯಾರಂಟಿ ಕೊಡೋ ಡಾಕ್ಟರನ್ನ ನಂಬಬೇಡಿ," ಎಂದರು.

ಆ ಉತ್ತರದಿಂದ ಡಾಕ್ಟರ ಮೇಲೆ ನಂಬಿಕೆ ಬಂತು, ಮಾತ್ರೆಯ ಮೇಲೆ ಬರಲಿಲ್ಲ. ಕೆಲವು ತಿಂಗಳ ಮೇಲೆ ಕೌಂಟ್ ಸ್ವಲ್ಪ ಏರಿತು. ಗಂಡ ಪೇಡಾ ತಂದರು. ನಾನು ತಿನ್ನಲಿಲ್ಲ, ಮೊದಲು ಏರಿದ್ದನ್ನು ಕಂಡು ನಂಬಬಾರದೆಂದು ಲ್ಯಾಬಿನಲ್ಲಿ ಕಲಿತಿದ್ದೆನಲ್ಲ. ಹಟ ಹಿಡಿದು ವೃಷಣದ ಸ್ಕ್ಯಾನ್ ಮಾಡಿಸಿದೆ. ಊತವಿರಲಿಲ್ಲ. ಆಮೇಲೆ ಅವರಿಗೆ ಕಣ್ಣು ಮಂಜಾಗತೊಡಗಿತು. ಸ್ಟೇಷನ್ನಿನ ಬೋರ್ಡು ಓದಲಾಗದೆ ತಪ್ಪು ಗಾಡಿ ಹತ್ತಿದ ದಿನ, ಇದು ಮಾತ್ರೆಯಿಂದಲೇ ಇರಬಹುದೆಂದು ಡಾಕ್ಟರು ಅದನ್ನು ನಿಲ್ಲಿಸಿದರು. ಕಣ್ಣು ನಿಧಾನವಾಗಿ ಸರಿಹೋಯಿತು.

ಮರುವರ್ಷ ನಾನು ಬಸಿರಾದೆ. ದೇವರ ದಯೆ ಎಂದರು ಅತ್ತೆ. ಮಾತ್ರೆಯ ಫಲ ಎಂದು ಗಂಡ ನನಗೊಬ್ಬಳಿಗೇ ಹೇಳಿದರು, ಮೆಲ್ಲಗೆ. ಯಾವುದೆಂದು ನನಗೆ ಈಗಲೂ ಗೊತ್ತಿಲ್ಲ. ಸುದ್ದಿ ತಿಳಿದ ಆ ರಾತ್ರಿ ಅತ್ತೆಯ ಪಕ್ಕ ಕೂತು ಗಂಡ ತಾವಾಗಿಯೇ ತಮ್ಮ ಟೆಸ್ಟಿನ ವಿಷಯ ತೆಗೆದರು. ಇಷ್ಟು ವರ್ಷ ನನ್ನನ್ನೇ ಡಾಕ್ಟರ ಹತ್ತಿರ ಓಡಾಡಿಸಿದ್ದ ಅತ್ತೆ ಮಗನನ್ನು ಬಿಟ್ಟು ನನ್ನ ಮುಖ ನೋಡಿದರು.