ಪೊಟ್ಟಣ ಬಿಚ್ಚುವ ಹಕ್ಕು

ಬಣ್ಣದಕ್ಕನ ನಿಜವಾದ ಹೆಸರು ಯಾವುದೋ ಕಾಗದದಲ್ಲಿ ಇದ್ದೀತು. ಪೇಟೆಯಲ್ಲಿ ಆ ಹೆಸರು ಹಿಡಿದು ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಬಣ್ಣದಕ್ಕ ಎಂದರೆ ಮಾತ್ರ ಹಳೆ ಗಿರಣಿಯ ಬೀದಿಯಿಂದ ಕಾಲುವೆ ದಂಡೆಯ ಸಂತೆಯವರೆಗೆ ಹತ್ತು ಜನ ಕೈ ಚಾಚಿ, ‘ಈಗ ತಾನೇ ಹೀಗೆ ಹೋದಳು’ ಎನ್ನುತ್ತಾರೆ. ಅವಳು ಯಾವಾಗಲೂ ಈಗ ತಾನೇ ಹೋದವಳೇ. ಅರವತ್ತೆರಡರ ವಯಸ್ಸಿನಲ್ಲಿ ಆ ನಡಿಗೆ ನೋಡಿದರೆ ಇಪ್ಪತ್ತರವರಿಗೂ ನಾಚಿಕೆಯಾಗಬೇಕು.

ಅವಳ ಕೆಲಸ ಇಷ್ಟೇ. ದರ್ಜಿಗಳು ಬಟ್ಟೆಯ ಒಂದು ಚೂರು ಕೊಡುತ್ತಾರೆ. ಅದಕ್ಕೆ ಒಪ್ಪುವ ದಾರ, ಗುಂಡಿ, ಒಳಪದರದ ಅಸ್ತರು, ಲೇಸು ಎಲ್ಲಿದ್ದರೂ ಹುಡುಕಿ ತರಬೇಕು. ಇಷ್ಟೇ ಎಂದೆನಲ್ಲ, ಒಮ್ಮೆ ಮಾಡಿ ನೋಡಿ. ಹಸಿರು ಬಟ್ಟೆಗೆ ಹಸಿರು ದಾರ ಎಂದು ಹೊರಟರೆ ಅಂಗಡಿಯಲ್ಲಿ ನಲವತ್ತು ಹಸಿರು ಸಾಲಾಗಿ ನಿಂತು ನಿಮ್ಮನ್ನು ನೋಡಿ ನಗುತ್ತವೆ. ಬಣ್ಣದಕ್ಕ ಚೂರುಗಳನ್ನೆಲ್ಲ ಶಾಲಿನ ಅಂಚಿಗೆ ಪಿನ್ನು ಹಾಕಿ ಸಿಕ್ಕಿಸಿಕೊಳ್ಳುತ್ತಿದ್ದಳು. ಅಂಗಡಿಗೆ ಹೋದರೆ ಒಳಗಿನ ದೀಪವನ್ನು ಸುತಾರಾಂ ನಂಬುತ್ತಿರಲಿಲ್ಲ. ಮಾಲನ್ನು ಹೊಸ್ತಿಲಿಗೆ ತಂದು, ಬಿಸಿಲಿಗೆ ಹಿಡಿದು, ಹತ್ತು ಎಣಿಸುವಷ್ಟು ಹೊತ್ತು ನೋಡಿ, ‘ಇದು’ ಎನ್ನುತ್ತಿದ್ದಳು. ಮತ್ತೆ ಆ ಮಾತಿಗೆ ಎರಡಿಲ್ಲ.

ಈ ಪೇಟೆಯಲ್ಲಿ ಒಂದು ಕಟ್ಟಳೆಯಿದೆ. ಆರಿಸಿದ ಮಾಲನ್ನು ಅಂಗಡಿಯವನೇ ಕಾಗದದಲ್ಲಿ ಸುತ್ತಿ ದಾರದಿಂದ ಬಿಗಿಯುತ್ತಾನೆ. ತಂದುಕೊಡುವವರು ಅದನ್ನು ಬಿಚ್ಚುವಂತಿಲ್ಲ. ಬಿಚ್ಚುವ ಹಕ್ಕು ದರ್ಜಿಗೆ ಮಾತ್ರ. ಹಿಂದೆ ಯಾರೋ ದಾರಿಯಲ್ಲಿ ಒಳ್ಳೆಯ ಮಾಲು ತೆಗೆದು ಕಳಪೆಯದನ್ನು ಹಾಕುತ್ತಿದ್ದರಂತೆ, ಅಂದಿನಿಂದ ಬಂದ ಪದ್ಧತಿ. ಮೂವತ್ತೈದು ವರ್ಷದಲ್ಲಿ ಒಂದೇ ಒಂದು ಗಂಟನ್ನೂ ತನ್ನ ಉಗುರು ಮುಟ್ಟಿಲ್ಲ ಎಂಬುದು ಬಣ್ಣದಕ್ಕನ ಹೆಮ್ಮೆ. ಆ ಹೆಮ್ಮೆಯನ್ನು ಅವಳು ಒಳಗೇ ಇಟ್ಟುಕೊಂಡವಳೂ ಅಲ್ಲ.

ಹೀಗಿರುವಾಗ ಕಣ್ಣು ಕೈಕೊಟ್ಟಿತು. ವರ್ಷದ ಹಿಂದೆ ಎಡಗಣ್ಣಿನ ಮುಂದೆ ಚಹದ ಕಲೆಯ ಹಾಗೆ ಏನೋ ಬಂದು ಕುಳಿತಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕರೆದೊಯ್ದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಎಡಗಡೆ ಹೆಚ್ಚು, ಆಪರೇಷನ್ ಮಾಡಿಸಿ ಎಂದರು ಡಾಕ್ಟರು. ‘ಎಡಗಡೆ ಹೆಚ್ಚು’ ಎಂಬ ಎರಡು ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡು ಬಣ್ಣದಕ್ಕ ಎದ್ದು ಬಂದಳು.

“ಕಣ್ಣು ಬದಲಾಯಿಸಿದ್ರೆ ಬಣ್ಣನೂ ಬದಲಾಗಲ್ವೇನೇ? ಮೂವತ್ತೈದು ವರ್ಷ ನೋಡಿದ ನೀಲಿ ನಾಳೆ ಬೇರೆ ನೀಲಿ ಆದ್ರೆ ನಾನು ಎಲ್ಲಿಗೆ ಹೋಗ್ಲಿ? ಬಲಗಣ್ಣು ಚೆನ್ನಾಗೇ ಇದೆ ಬಿಡು,” ಎಂದಳು ಸೊಸೆಗೆ.

ಸೊಸೆ ವಾದ ಮಾಡಲಿಲ್ಲ. ಆ ಮನೆಗೆ ಬಂದು ಒಂದು ವರ್ಷವೂ ಆಗಿರಲಿಲ್ಲ, ಅತ್ತೆಯ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಮೊದಲ ವಾರವೇ ಗೊತ್ತಾಗಿತ್ತು.

ಅಂದಿನಿಂದ ಬಣ್ಣದಕ್ಕ ಹೊಸ್ತಿಲಲ್ಲಿ ನಿಂತು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಬಣ್ಣ ನೋಡತೊಡಗಿದಳು. ಕಾಲುವೆ ದಂಡೆಯ ಗುಂಡಿ ಅಂಗಡಿಯವನು, ಎಲ್ಲರ ಬಾಯಲ್ಲಿ ಗುಂಡಿಯಣ್ಣ, ಇದನ್ನು ಸುಮ್ಮನೆ ಬಿಡುವವನೇ?

“ಏನಕ್ಕ, ಈ ವಯಸ್ಸಲ್ಲಿ ನಂಗೆ ಕಣ್ಣು ಹೊಡೀತೀಯ? ಹೆಂಡ್ತಿ ಒಳಗೇ ಇದ್ದಾಳೆ, ಸ್ವಲ್ಪ ಮೆಲ್ಲಗೆ.”

“ನಿನ್ನ ಮುಖಕ್ಕೆ ಕಣ್ಣು ಬೇರೆ ಹೊಡೀಬೇಕಾ? ಧೂಳು ಬಿತ್ತು ಕಣಯ್ಯ. ಅಂಗಡಿ ಗುಡಿಸಿ ಎಷ್ಟು ದಿನ ಆಯ್ತು?”

ಇಂಥ ಒಂದು ಬುಧವಾರ ಸೊಸೆಗೆ ರಜೆ. ಅತ್ತೆ ಸುತ್ತುವ ಬೀದಿಗಳನ್ನು ನೋಡಬೇಕೆಂದು ತಾನೂ ಹೊರಟಳು. ನಿಜ ಹೇಳಬೇಕೆಂದರೆ ಬೀದಿಗಿಂತ ಹೆಚ್ಚಾಗಿ ಅತ್ತೆಯನ್ನು ನೋಡಬೇಕಿತ್ತು. ಅವಳು ಫೋನಿನಲ್ಲಿ ದಾರಿ ತೆಗೆದದ್ದೇ ತಡ, ಬಣ್ಣದಕ್ಕ ಅದನ್ನು ಕಸಿದು ಅವಳ ಚೀಲಕ್ಕೇ ಹಾಕಿದಳು.

“ಅದಕ್ಕೆ ದೊಡ್ಡ ರಸ್ತೆ ಗೊತ್ತು, ಹಿತ್ತಲ ಬಾಗಿಲು ಗೊತ್ತಿಲ್ಲ. ನನ್ನ ಹಿಂದೆ ಬಾ.”

ಮೊದಲು ಹೋದದ್ದು ಕೋಟು ಮಾಸ್ತರರ ಅಂಗಡಿಗೆ. ಗಿರಣಿಯ ಗೋಡೆಗೆ ಒರಗಿಕೊಂಡ ಉದ್ದನೆಯ ಕೋಣೆ, ಒಂದೇ ಮೇಜು, ಕಿಟಕಿ ಮಾತ್ರ ದೊಡ್ಡದು. ಮಾಸ್ತರರು ಕಡುನೀಲಿ ಉಣ್ಣೆಯ ಚೂರೊಂದನ್ನು ಕೊಟ್ಟರು. ತೀರಿಹೋದ ತಂದೆಯ ಕೋಟನ್ನು ಮಗಳೊಬ್ಬಳು ತನ್ನ ಅಳತೆಗೆ ಮಾಡಿಸುತ್ತಿದ್ದಳು. ಅದಕ್ಕೆ ಅದೇ ಬಣ್ಣದ ಹೊಸ ಅಸ್ತರು ಬೇಕಿತ್ತು.

“ಇದನ್ನ ನೀವೇ ತರಬೇಕಮ್ಮ, ಬೇರೆಯವರ ಕೈಲಿ ಆಗಲ್ಲ,” ಎಂದರು ಮಾಸ್ತರರು. ಬಣ್ಣದಕ್ಕ ಸೊಸೆಯ ಕಡೆ ಒಮ್ಮೆ ನೋಡಿದಳು. ಕೇಳಿಸಿಕೊಂಡೆಯಾ ಎಂದು ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ.

ಆಮೇಲೆ ಶುರುವಾಯಿತು ಸವಾರಿ. ಗಿರಣಿಯ ಹಿಂದಿನ ಬೇಕರಿಯಲ್ಲಿ ಬನ್ನು ಒಲೆಯಿಂದ ಇಳಿಯುವುದು ಒಂಬತ್ತೂವರೆಗೆ. ಅದಕ್ಕೆ ಮುಂಚೆ ಹೋದರೆ ನಿನ್ನೆಯದನ್ನು ಬಿಸಿ ಮಾಡಿ ಕೊಡುತ್ತಾರೆ, ಹತ್ತು ದಾಟಿದರೆ ಬುಟ್ಟಿ ಖಾಲಿ. ಬಣ್ಣದಕ್ಕ ಎಂಟು ಬನ್ನು ಕಟ್ಟಿಸಿ, ಎರಡನ್ನು ತಾವು ತಿಂದು, ಉಳಿದದ್ದನ್ನು ದಾರಿಯುದ್ದಕ್ಕೂ ಹಂಚಿದಳು. ದಾರದ ಅಂಗಡಿಯಾಕೆಗೆ ಒಂದು, ಲೇಸಿನವರಿಗೆ ಎರಡು. ಪ್ರತಿ ಬನ್ನಿನ ಜೊತೆಗೂ ಹಿಂದಿನ ಅಂಗಡಿಯ ಸುದ್ದಿ ಉಚಿತ. ಯಾರ ಮಗಳು ಪಾಸಾದಳು, ಯಾರ ಮಂಡಿನೋವು ಇಳಿಯಿತು, ಎಲ್ಲವೂ ಅವಳ ಬಾಯಿಂದಲೇ ಬೀದಿ ದಾಟಬೇಕು. ಸಂತೆಯಲ್ಲಿ ಕರಬೂಜದ ಹಣ್ಣನ್ನು ತಟ್ಟಿ ನೋಡುವುದು ಹೇಗೆ, ಮೀನು ಹುರಿಯುವ ಮೂರು ಬಂಡಿಗಳಲ್ಲಿ ಎಣ್ಣೆ ದಿನಾ ಬದಲಿಸುವವನು ಯಾರು, ಯಾವ ಓಣಿಯಲ್ಲಿ ನುಗ್ಗಿದರೆ ಕೊಡೆ ರಿಪೇರಿಯವನ ಅಂಗಡಿಯೊಳಗಿಂದಲೇ ಆಚೆ ಬೀದಿಗೆ ದಾಟಬಹುದು, ಎಲ್ಲ ತೋರಿಸಿದಳು. ಸೊಸೆಗೆ ನಿಜಕ್ಕೂ ಖುಷಿಯಾಯಿತು. ಮನೆಯಲ್ಲಿ ಉಪ್ಪು ಹೆಚ್ಚಾಯಿತು ಎಂದು ಗೊಣಗುವ ಅತ್ತೆ ಇವಳೇನಾ ಅನ್ನಿಸಿತು.

ಆದರೆ ಅಸ್ತರಿನ ಅಂಗಡಿಗೆ ಬೀಗ ಬಿದ್ದಿತ್ತು. ಯಜಮಾನ ಊರಲ್ಲಿಲ್ಲ, ಬರುವುದು ಸೋಮವಾರ.

“ರೈಲು ಹಳಿ ಆಚೆ ಹೊಸ ಅಂಗಡಿ ಆಗಿದೆ ಅತ್ತೆ, ಹಳೇ ಗೋದಾಮಿನಲ್ಲಿ. ಅಸ್ತರು ಇದ್ದೇ ಇರುತ್ತೆ,” ಎಂದಳು ಸೊಸೆ.

ಹಳಿಯಾಚೆಯ ಬಡಾವಣೆಗೆ ಬಣ್ಣದಕ್ಕ ಹೋಗಿ ಐದು ವರ್ಷವಾಗಿತ್ತು. ಹೊಸ ಬೀದಿ ಎಂದರೆ ಅವಳಿಗೆ ಹುರುಪು. ಗೋದಾಮಿನ ಅಂಗಡಿಯಲ್ಲಿ ಬಟ್ಟೆಯ ಸುರುಳಿಗಳು ಮಾಡಿನವರೆಗೆ ನಿಂತಿದ್ದವು. ಅವಳನ್ನು ಕಂಡರಿಯದ ಮಾರಾಟದ ಹೆಂಗಸು ಕೇಳಿದ್ದೆಲ್ಲ ಇಳಿಸಿದಳು. ಬಣ್ಣದಕ್ಕ ನಾಲ್ಕು ತುಂಡು ಹಿಡಿದು ಹೊಸ್ತಿಲಿಗೆ ಬಂದು, ಎಡಗಣ್ಣು ಮುಚ್ಚಿ, ಹತ್ತು ಎಣಿಸಿ, “ಇದು,” ಎಂದಳು.

ಸೊಸೆ ಶಾಲಿನ ಅಂಚಿನ ಚೂರನ್ನೊಮ್ಮೆ, ಆ ತುಂಡನ್ನೊಮ್ಮೆ ನೋಡಿದಳು.

“ಅತ್ತೆ, ಅದು ಸ್ವಲ್ಪ...”

“ಔಷಧಿ ಅಂಗಡೀಲಿ ಮಾತ್ರೆ ಎಣಿಸುವಾಗ ನಾನು ಮಧ್ಯ ಬಾಯಿ ಹಾಕ್ತೀನಾ?”

ಸೊಸೆ ಹಿಂದೆ ಸರಿದು ನಿಂತಳು. ಮಾರಾಟದ ಹೆಂಗಸು ಹೇಳಿದ್ದನ್ನು ಹೇಳಿದ ಹಾಗೆ ಕಟ್ಟಿಕೊಟ್ಟಳು.

ಮಾಸ್ತರರು ಪೊಟ್ಟಣ ಬಿಚ್ಚಿ ಅಸ್ತರನ್ನು ಕೋಟಿನ ಮೇಲೆ ಹಾಸಿದರು. ಕೈ ಅಲ್ಲೇ ನಿಂತಿತು.

“ಅಂಗಡಿಯವರು ತಪ್ಪು ಕಟ್ಟಿರಬೇಕು ಬಿಡಿ,” ಎಂದರು ಕೊನೆಗೆ, ಟೇಪನ್ನು ಕೊರಳಿನಿಂದ ತೆಗೆದು ಮತ್ತೆ ಕೊರಳಿಗೇ ಹಾಕಿಕೊಳ್ಳುತ್ತ.

ಬಣ್ಣದಕ್ಕ ಎರಡನ್ನೂ ಕಿಟಕಿಗೆ ಒಯ್ದಳು. ಎಡಗಣ್ಣು ಮುಚ್ಚಿ ನೋಡಿದಳು, ಬಲಗಣ್ಣು ಮುಚ್ಚಿ ನೋಡಿದಳು.

“ಎರಡೂ ನೀಲಿನೇ ಅಲ್ವಾ?”

“ಒಂದು ಕಪ್ಪು ಅತ್ತೆ,” ಎಂದಳು ಸೊಸೆ, ಆದಷ್ಟು ಮೆಲ್ಲಗೆ.

ಮೆಲ್ಲಗೆ ಹೇಳಿದ್ದೇ ಬಣ್ಣದಕ್ಕನಿಗೆ ಹೆಚ್ಚು ಚುಚ್ಚಿತು. ಬಲಗಣ್ಣೂ ಹೋಗಿತ್ತು. ಹೋಗಲಿ, ಆದರೆ ಅದು ಇವತ್ತು ಬೆಳಿಗ್ಗೆ ಹೋದದ್ದಲ್ಲವಲ್ಲ. ಹಾಗಿದ್ದ ಮೇಲೆ ಹೋದ ವಾರದ ಬೂದು ಗುಂಡಿ ಹೇಗೆ ಸರಿಯಾಯಿತು? ಮೊನ್ನೆಯ ದಾರ? ಲೇಸು? ಈ ಲೆಕ್ಕ ತಲೆಯಲ್ಲಿ ಕೂಡಿದ್ದೇ ತಡ, ಅವಳು ಮಾಸ್ತರರಿಗೆ ಹೋಗಿಬರುತ್ತೇನೆ ಎಂದೂ ಹೇಳದೆ ಕಾಲುವೆ ದಂಡೆಯ ದಾರಿ ಹಿಡಿದಳು. ಸೊಸೆ ಹಿಂದೆ ಓಡಬೇಕಾಯಿತು.

ಗುಂಡಿಯಣ್ಣ ಅವಳ ಮುಖ ನೋಡಿದವನೇ ತಮಾಷೆಯನ್ನು ನುಂಗಿಕೊಂಡ.

“ನಿಜ ಹೇಳು. ನಾನು ಆರಿಸಿದ್ದನ್ನೇ ಕಟ್ಟಿಕೊಡ್ತಿದ್ದೀಯಾ?”

ಅವನು ಗುಂಡಿಯ ಡಬ್ಬಿಯೊಂದನ್ನು ಆಚೆ ಈಚೆ ಸರಿಸಿದ. “ಕಟ್ಟುವಾಗ ಬದಲಾಯಿಸ್ತಿದ್ದೆ ಅಕ್ಕ. ಯಾವಾಗ್ಲೂ ಅಲ್ಲ. ತಪ್ಪಿದಾಗ ಮಾತ್ರ.”

“ಯಾವಾಗಿಂದ?”

“ಎಂಟು ತಿಂಗಳಾಯ್ತು.”

“ನೀನೊಬ್ಬನೇನಾ?”

ಅವನು ತಲೆ ತಗ್ಗಿಸಿದ. ಅವನೊಬ್ಬನೇ ಅಲ್ಲ. ದಾರದಾಕೆ, ಲೇಸಿನವರು, ಬೀಗ ಹಾಕಿಕೊಂಡು ಹೋದ ಅಸ್ತರಿನ ಯಜಮಾನ, ಎಲ್ಲರೂ. ಶಾಲಿನ ಅಂಚಿನ ಚೂರನ್ನು ಓರೆಗಣ್ಣಿನಿಂದ ನೋಡಿ, ಸರಿಯಾದ ಮಾಲನ್ನು ಅಂಗಡಿಯ ಮೇಜಿನ ಕೆಳಗೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ ಕೈಗೆ ಕೊಡುತ್ತಿದ್ದರು. ಅವಳು ಬಿಚ್ಚುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಇಡೀ ಬೀದಿ ಸೇರಿ ನನ್ನನ್ನ ಆಡಿಸಿದ್ರಲ್ಲ!” ಎಂದಳು ಬಣ್ಣದಕ್ಕ.

“ಆಡಿಸಿದ್ದಲ್ಲ. ಹೇಳಿದ್ರೆ ನೀನು ಬರೋದೇ ನಿಲ್ಲಿಸಿಬಿಡ್ತೀಯ ಅಂತ ಭಯ ಆಯ್ತು. ನೀನು ಬರದ ದಿನ ಈ ಬೀದೀಲಿ ಒಬ್ಬರ ಸಮಾಚಾರ ಇನ್ನೊಬ್ಬರಿಗೆ ಗೊತ್ತಾಗಲ್ಲ ಅಕ್ಕ.” ಗುಂಡಿಯಣ್ಣನ ಕಣ್ಣಲ್ಲಿ ನೀರಿತ್ತು. “ಬನ್ನೂ ಸಿಗಲ್ಲ,” ಎಂದು ಸೇರಿಸಿದ.

ಬಣ್ಣದಕ್ಕನಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಅಭ್ಯಾಸವಿದ್ದದ್ದು ಬೈಯುವುದು, ಅದನ್ನೇ ಮನಸಾರೆ ಮಾಡಿದಳು. ಬೈದು ಮುಗಿದ ಮೇಲೆ ಸೊಸೆಯ ಕೈ ಹಿಡಿದುಕೊಂಡಳು. ಆ ಕೈ ಹಿಡಿದದ್ದು ಅದೇ ಮೊದಲು.

“ಆ ಡಾಕ್ಟರು ಯಾವ ಯಾವ ದಿನ ಇರ್ತಾರೆ?”

ಒಂದೂವರೆ ತಿಂಗಳಲ್ಲಿ ಎರಡೂ ಕಣ್ಣಿನ ಆಪರೇಷನ್ ಮುಗಿಯಿತು. ಕಾಯುವ ದಿನಗಳಲ್ಲಿ ಸೊಸೆ ಗಂಟೆ ತಪ್ಪದೆ ಕಣ್ಣಿಗೆ ಹನಿ ಹಾಕಿದಳು, ರಜೆಯ ದಿನ ಮಾಸ್ತರರ ಚೂರುಗಳನ್ನು ತಾನೇ ಸಿಕ್ಕಿಸಿಕೊಂಡು ಹೋಗಿ ಕಡುನೀಲಿ ಅಸ್ತರನ್ನೂ ತಂದುಕೊಟ್ಟಳು. ಎರಡನೆಯ ಪಟ್ಟಿ ಬಿಚ್ಚಿದ ದಿನ ಬಣ್ಣದಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಸುಣ್ಣ ಯಾವಾಗ ಹೊಡೆಸಿದ್ರಿ?” ಎಂದಳು. ಯಾರೂ ಹೊಡೆಸಿರಲಿಲ್ಲ. ಬೂದು ಬಣ್ಣದ್ದೆಂದು ಹೊದೆಯುತ್ತಿದ್ದ ಶಾಲು ನೇರಳೆಯಾಗಿತ್ತು. ಕನ್ನಡಿಯಲ್ಲಿ ತನ್ನ ಮುಖದ ಗೆರೆಗಳೂ ಸ್ಪಷ್ಟವಾಗಿ ಕಂಡವು, ಅದಕ್ಕೂ ಡಾಕ್ಟರನ್ನೇ ಬೈದಳು. ಆದರೆ ನೀಲಿ ಬೇರೆ ನೀಲಿ ಆಗಿರಲಿಲ್ಲ. ಮೊದಮೊದಲು ಪೇಟೆಗೆ ಬಂದಾಗ ಕಂಡಿದ್ದ ನೀಲಿಯೇ ಅದು, ಅವಳಿಗೆ ಗುರುತು ಸಿಕ್ಕಿತು.

ಮತ್ತೆ ಕೆಲಸಕ್ಕೆ ಹೊರಟ ಮೊದಲ ದಿನದ ಚೂರು ಬಿಳಿಯದು. ಬೇಕರಿಯವನಿಗೆ ಹೊಸ ಬಿಳಿ ಕೋಟು, ಆರು ಗುಂಡಿ. ಬಣ್ಣದಕ್ಕ ಗುಂಡಿಯಣ್ಣನ ಹೊಸ್ತಿಲಲ್ಲಿ ಎರಡೂ ಕಣ್ಣು ತೆರೆದು ಹತ್ತು ಎಣಿಸಿದಳು.

“ಇದು.”

“ಇನ್ನು ಕಣ್ಣು ಹೊಡೆಯಲ್ಲ ಅನ್ನು,” ಎನ್ನುತ್ತ ಗುಂಡಿಯಣ್ಣ ಗುಂಡಿ ತೆಗೆದುಕೊಂಡು, ಮೇಜಿನ ಕೆಳಗೆ ಕೈಯಾಡಿಸಿ, ಸುತ್ತಿ, ಗಂಟು ಹಾಕಿ ಕೊಟ್ಟ.

ಬಣ್ಣದಕ್ಕ ಪೊಟ್ಟಣವನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಗಳಿಗೆ ನಿಂತಳು. ಆಮೇಲೆ ಮೂವತ್ತೈದು ವರ್ಷದಲ್ಲಿ ಮೊದಲ ಸಲ ಉಗುರು ಹಾಕಿ ಗಂಟು ಬಿಚ್ಚಿದಳು. ಒಳಗಿದ್ದದ್ದು ಅವಳು ಆರಿಸಿದ ಗುಂಡಿ ಅಲ್ಲ.

“ಬದಲಾಯಿಸಿದ್ಯಾ?”

“ತಪ್ಪಿತ್ತಲ್ಲ ಅಕ್ಕ,” ಎಂದ ಅವನು ಸಂಕೋಚದಿಂದ. “ನೀನು ಆರಿಸಿದ್ದು ಕೆನೆ ಬಣ್ಣದ್ದು. ಇದು ಅಚ್ಚ ಬಿಳಿ.”

ಬಣ್ಣದಕ್ಕ ಅವನ ತೋಳು ಹಿಡಿದು ಹೊಸ್ತಿಲಿನ ಬಿಸಿಲಿಗೆ ಎಳೆದು ತಂದಳು. ಒಂದು ಕೈಯಲ್ಲಿ ಅವಳ ಗುಂಡಿ, ಇನ್ನೊಂದರಲ್ಲಿ ಅವನದು, ನಡುವೆ ಬಿಳಿ ಚೂರು. ಅವಳ ಗುಂಡಿ ಚೂರಿನಷ್ಟೇ ಬಿಳಿ, ಕೆನೆ ಬಣ್ಣದ್ದು ಅವನದೇ. ಅವನು ನೋಡಿದ. ಮತ್ತೆ ನೋಡಿದ. ಕೊನೆಗೆ ಎಡಗಣ್ಣು ಮುಚ್ಚಿ ನೋಡಿದ.

“ಎರಡೂ ಒಂದೇ ಥರ ಕಾಣುತ್ತೆ,” ಎಂದ. ಅವನ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ.

ಹೊಸ್ತಿಲಲ್ಲಿ ಹಾಗೆ ಒಂಟಿಗಣ್ಣಲ್ಲಿ ನಿಂತವರ ಎದೆಯಲ್ಲಿ ಏನು ನಡೆಯುತ್ತದೆ ಎಂದು ಆ ಬೀದಿಯಲ್ಲಿ ಬಣ್ಣದಕ್ಕನಷ್ಟು ಬಲ್ಲವರಿಲ್ಲ. ಅವಳು ನಗಲಿಲ್ಲ. ಒಳಗೆ ಹೋಗಿ ತಾನೇ ಆರಿಸಿದ ಆರು ಗುಂಡಿ ಎಣಿಸಿ, ಕಾಗದದಲ್ಲಿ ಸುತ್ತಿ, ಗಂಟು ಬಿಗಿದಳು.

“ಶುಕ್ರವಾರ ಎಂಟು ಗಂಟೆಗೆ ತಯಾರಾಗಿರು, ನಾನೂ ಸೊಸೆನೂ ಬರ್ತೀವಿ. ನೋವೇನೂ ಆಗಲ್ಲ. ಅಲ್ಲಿವರೆಗೆ ಅಂಗಡಿ ಮುಚ್ಚಬೇಡ, ಯಾರಿಗೂ ಹೇಳಲೂಬೇಡ,” ಎಂದಳು. “ನೀನು ಕಟ್ತಾ ಇರು. ನಾನು ಬದಲಾಯಿಸ್ತೀನಿ.”