ಹೋಬಾರ್ಟಿಗೆ ಕಂಚಿನ ನಾದ ತಂದ ಪಾಕ್ ನೆಂಗಾ

ಬಾಲಿಯ ಗಮೆಲಾನ್ ವಾದ್ಯಮೇಳವನ್ನು ಕಡಲಾಚೆಯ ನೆಲದಲ್ಲಿ ಬೇರೂರಿಸಿದ ಗುರುಗಳ ಸಾಲಿನಲ್ಲಿ ನಾವೆಲ್ಲ ಅಪ್ಪಾಜಿ ಎಂಬರ್ಥದಲ್ಲಿ ‘ಪಾಕ್ ನೆಂಗಾ’ ಎಂದು ಕರೆಯುವ ಶ್ರೀ ಇ ನೆಂಗಾ ಸುವಿತ್ರ ಅವರದು ಆದರದಿಂದ ನೆನೆಯಬೇಕಾದ ಹೆಸರು. ಕಛೇರಿಗಳಿಂದ ಕೀರ್ತಿ ಗಳಿಸಿದವರು ಹಲವರಿರಬಹುದು. ಆದರೆ ವಾದ್ಯವನ್ನೇ ಮುಟ್ಟಿ ಅರಿಯದ ದಾದಿಯರು, ಬಡಗಿಗಳು, ಬಸ್ ಚಾಲಕರ ಕೈಗೆ ಕಂಚಿನ ಪಟ್ಟಿ ಬಾರಿಸುವ ಸುತ್ತಿಗೆ ಕೊಟ್ಟು, ಒಬ್ಬರ ಪೆಟ್ಟು ಇನ್ನೊಬ್ಬರ ಬಿಡುವಿನಲ್ಲಿ ಬಂದು ಕೂಡುವಂತೆ ತಿದ್ದಿ, ಅಪರಿಚಿತರನ್ನು ಒಂದು ಮೇಳವಾಗಿಸಿದವರು ವಿರಳ. ಹೋಬಾರ್ಟಿನ ಸಂಗೀತ ಕಾಲೇಜಿನಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಅವರ ಸೇವೆಯನ್ನು ನೆನೆಯುವುದು ಶಿಷ್ಯವರ್ಗದ ಸೌಭಾಗ್ಯ.

ಅವರು ಬಾಲಿಯ ತಮ್ಮೂರು ಬಿಟ್ಟ ದಿನ ಸುಖದ ದಿನವಾಗಿರಲಿಲ್ಲ. ತಂದೆ ಊರ ಮೇಳದ ಡೋಲು ವಾದಕರು. ಮಗ ಹೊರಟಾಗ ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮಾತಾಡಿದವನು ಅಣ್ಣ ಗೆದೆ.

"ದೇವರ ಮುಂದೆ ನುಡಿಸೋದನ್ನ ಪರದೇಶದೋರಿಗೆ ಮಾರೋಕೆ ಹೊರಟಿದೀಯ. ಹೋಗು. ತಿರುಗಿ ಬಂದಾಗ ಅಪ್ಪನ ಡೋಲು ಮಾತ್ರ ಮುಟ್ಟಬೇಡ."

ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ಅವರು ಹೋಬಾರ್ಟಿನ ಚಳಿಗೆ ಬಂದಿಳಿದರು. ಪಾಠಕ್ಕೆ ಸಿಕ್ಕಿದ್ದು ಕಾಲೇಜಿನ ನೆಲಮಾಳಿಗೆ. ದಿನವೂ ದೊಡ್ಡ ಜಾಗಟೆಯ ಮುಂದೆ ಎಲೆಯ ದೊನ್ನೆಯಲ್ಲಿ ಹೂವು, ಅಕ್ಕಿ ಇಟ್ಟು ಕೈಮುಗಿದ ಮೇಲೆಯೇ ಪಾಠ ಶುರು. ಯಾರಾದರೂ ವಾದ್ಯವನ್ನು ದಾಟಿ ಕಾಲಿಟ್ಟರೆ ಬೈಯುತ್ತಿರಲಿಲ್ಲ. ಸುಮ್ಮನೆ ಅವರ ಕೈಹಿಡಿದು ಸುತ್ತು ಬಳಸಿ ಕರೆತರುತ್ತಿದ್ದರು. ಬರೆದುಕೊಳ್ಳಲು ಹೊರಟವರಿಗೆ ಮಾತ್ರ, "ಬರ್ಕೊಂಡ್ರೆ ಕಾಗದ ಕಲಿಯುತ್ತೆ, ನೀವು ಕಲಿಯಲ್ಲ" ಎಂದು ನಗುತ್ತಿದ್ದರು. ಬಸ್ ಓಡಿಸುತ್ತಿದ್ದ ಟೊಂಗಾದ ಟೆವಿತಾನಿಗೆ ಪಾಳಿ ಬದಲಾಗಿ ತರಗತಿ ತಪ್ಪಿದಾಗ, ಗುರುಗಳೇ ಅವನ ಬಸ್ ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ, ಅವನು ಚಹಾ ಕುಡಿಯುವ ಬಿಡುವಿನಲ್ಲಿ ಸೀಟಿನ ಕಂಬಿಯ ಮೇಲೆ ಬಡಿದು ತಾಳ ಕಲಿಸಿದರು. ಚಳಿಗಾಲ ಪೂರ್ತಿ ಹಾಗೇ ನಡೆಯಿತು.

ಮುಂದೊಂದು ರಜೆಯಲ್ಲಿ ಶಿಷ್ಯರನ್ನು ಬಾಲಿಗೆ ಕರೆದೊಯ್ದರು. ಅವರು ಊರು ತಲುಪಿದ ವಾರದಲ್ಲೇ ತಂದೆ ತೀರಿಕೊಂಡರು. ದಹನಕ್ಕೆ ದಿನ ಗೊತ್ತಾಯಿತು, ಎತ್ತರದ ಚಟ್ಟ ಕಟ್ಟಿದ್ದಾಯಿತು. ಆದರೆ ಮೆರವಣಿಗೆಯ ಮೇಳಕ್ಕೆ ಜನ ಸಾಲದು. ಊರ ಹುಡುಗರಲ್ಲಿ ಅರ್ಧಕ್ಕರ್ಧ ಪ್ರವಾಸಿ ಹಡಗುಗಳ ಕೆಲಸಕ್ಕೆ ಹೋಗಿದ್ದರು. ಊರಿಗೆಲ್ಲ ಡೋಲು ಬಾರಿಸಿದವರು ಮೇಳವಿಲ್ಲದೆ ಹೋಗುವುದೇ?

"ನನ್ನ ಶಿಷ್ಯರು ತಾಳ ಹಿಡೀತಾರೆ ಅಣ್ಣ" ಎಂದರು ನೆಂಗಾ.

"ಫೋಟೋ ತೆಗೆಯೋರನ್ನ ಅಪ್ಪನ ಹಿಂದೆ ನಡೆಸ್ತೀಯಾ?" ಗೆದೆ ಸಿಡಿದ.

ಹೂವು ಕಟ್ಟುತ್ತಿದ್ದ ತಾಯಿ ತಲೆಯೆತ್ತಿದರು. "ಹೆಗಲು ಕೊಡೋಕೆ ಬಂದೋರ ಬಣ್ಣ ನೋಡ್ತೀಯೇನೋ? ಚಟ್ಟದ ಮುಂದೆ ನಡೆಯೋ ಹಿರೀಮಗ ನೀನು. ಡೋಲಿಗೆ ಅವನು ನಿಲ್ಲಲಿ. ಡೋಲು ನಿಮ್ಮಪ್ಪಂದು, ನಿಂದಲ್ಲ."

ಗೆದೆ ಎದ್ದು ಚಟ್ಟದ ಕಡೆ ನಡೆದ.

ಮಧ್ಯಾಹ್ನದ ಬಿಸಿಲು. ದಾರಿ ಕೂಡುವಲ್ಲಿ, ಸತ್ತವರ ಜೀವ ಮನೆಯ ದಾರಿ ಮರೆಯಲೆಂದು, ಹೊತ್ತವರು ಚಟ್ಟವನ್ನು ಗಿರಗಿರನೆ ತಿರುಗಿಸುವಾಗ ಮೇಳ ನಿಲ್ಲುವಂತಿಲ್ಲ, ಇನ್ನೂ ಜೋರಾಗಬೇಕು. ಅಲ್ಲೇ ಶಿಷ್ಯರಲ್ಲೊಬ್ಬಳಾದ ದಾದಿ ರೋಸಾಲಿಂಡ್ ತಾಳ ತಪ್ಪಿದಳು. ಒಂದು ಕೈ ತಪ್ಪಿದರೆ ಪಕ್ಕದ ಕೈಯೂ ತಪ್ಪುತ್ತದೆ. ನೋಡುನೋಡುತ್ತಿದ್ದಂತೆ ಸಾಲೇ ಕದಡಿತು. ಅವಳ ಕಣ್ಣಲ್ಲಿ ನೀರು ತುಂಬಿತು. ಡೋಲು ಬಿಟ್ಟು ಹೋಗಲಾರದೆ ನೆಂಗಾ ಒದ್ದಾಡಿದರು. ಅಪ್ಪನ ಕೊನೆಯ ದಾರಿಯಲ್ಲಿ ಅಣ್ಣನ ಮಾತೇ ನಿಜವಾಯಿತಲ್ಲ ಎಂದುಕೊಂಡರು.

ಅಷ್ಟರಲ್ಲಿ ಮುಂದಿದ್ದ ಗೆದೆ ಜನವನ್ನು ಸೀಳಿಕೊಂಡು ಹಿಂದೆ ಬಂದ. ರೋಸಾಲಿಂಡಳ ಎದುರು ನಿಂತು, ಹಿಮ್ಮುಖವಾಗಿ ನಡೆಯುತ್ತಾ ಅಂಗೈ ತಟ್ಟತೊಡಗಿದ.

"ಅಳಬೇಡ ತಾಯಿ, ಅಪ್ಪನ ದಾರಿ ಒದ್ದೆಯಾಗುತ್ತೆ. ನನ್ನ ಕೈ ನೋಡು!"

ಅವಳಿಗೆ ಆ ಭಾಷೆ ಅರ್ಥವಾಗಲಿಲ್ಲ, ಕೈ ಅರ್ಥವಾಯಿತು. ಸಾಲು ಮತ್ತೆ ಕೂಡಿತು. ಸುಡುಗಾಡು ಮುಟ್ಟುವವರೆಗೆ ಗೆದೆ ಹಾಗೆಯೇ ಹಿಂದೆ ಹಿಂದೆ ನಡೆದ.

ಸಂಜೆ ತಮ್ಮನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತ. "ನಿನ್ನ ಹುಡುಗಿ ಎಡಗೈ ಸಡಿಲ ಬಿಡ್ತಾಳೆ. ಕಲಿಸಿಲ್ವಾ?"

"ಕಲಿಸಿದೀನಿ. ಕೇಳಲ್ಲ."

"ನಾನೇ ಬಂದು ಹೇಳ್ತೀನಿ ಬಿಡು."

ಹೇಳಿದಂತೆ ಬಂದೂ ಬಂದ. ಹೋಬಾರ್ಟಿನಲ್ಲಿ ಒಂದು ಚಳಿಗಾಲ ಕಳೆದು, "ಇಂಥ ಚಳೀಲಿ ಹೇಗೋ ಬದುಕಿದೆ?" ಎಂದು ತಮ್ಮನ ಕೋಟನ್ನೂ ತಾನೇ ತೊಟ್ಟು, ನೆಲಮಾಳಿಗೆಯಲ್ಲಿ ಎಲ್ಲರ ಎಡಗೈ ತಿದ್ದಿದ. ಅಣ್ಣ ಗದರುವಾಗ ತಮ್ಮ ಮೂಲೆಯಲ್ಲಿ ಕುಳಿತು ಮುಸಿಮುಸಿ ನಗುತ್ತಿದ್ದುದನ್ನು ಕಂಡವರು, ಗುರುಗಳು ಅಷ್ಟು ಹಗುರಾಗಿ ಕಂಡದ್ದು ಅದೇ ಮೊದಲು ಎನ್ನುತ್ತಾರೆ.

ಈಗ ತರಗತಿಯನ್ನು ರೋಸಾಲಿಂಡ್ ನಡೆಸಲಿದ್ದಾಳೆ. ಬೀಳ್ಕೊಡುಗೆಯ ಚಹಾಕೂಟದಲ್ಲಿ ಪ್ರಾಂಶುಪಾಲರು, "ಇನ್ನು ವಿಶ್ರಾಂತಿ ತಾನೆ?" ಎಂದಾಗ ಗುರುಗಳು ಇಲ್ಲವೆಂದು ತಲೆಯಾಡಿಸಿದರು. ಬಾಲಿಯ ಅವರೂರಿನ ಹೆಂಗಸರು ಹೊಸ ಮೇಳ ಕಟ್ಟಿದ್ದಾರಂತೆ, ಕಲಿಸುವವನು ಗೆದೆ. ಅವನು ಫೋನ್ ಮಾಡಿ ಗೋಳಾಡಿದನಂತೆ: "ಒಬ್ಬಳೂ ನನ್ನ ಮಾತು ಕೇಳಲ್ಲ ಕಣೋ. ಬೇಗ ಬಾ. ಮಾತು ಕೇಳದೋರಿಗೆ ಕಲಿಸೋದು ನಿನಗೆ ಅಭ್ಯಾಸ."

ಮಾತು ಕೇಳದಿದ್ದರೂ ಅವರ ಕೈಯಲ್ಲೇ ಕಲಿತ ನಾವೆಲ್ಲರೂ ಅವರಿಗೆ ಕೈಮುಗಿದು ಹಾರೈಸುತ್ತೇವೆ: ಪಾಕ್ ನೆಂಗಾ ಅವರಿಗೆ ಆಯುಸ್ಸು, ಆರೋಗ್ಯ ತುಂಬಿರಲಿ; ಆ ಹೆಂಗಸರು ಬೇಗ ಕಲಿತುಬಿಡದಿರಲಿ; ಅಣ್ಣತಮ್ಮಂದಿರು ಒಂದೇ ಚಾಪೆಯ ಮೇಲೆ ಕುಳಿತು ಬಹುಕಾಲ ಜಗಳವಾಡುತ್ತಾ ಕಲಿಸುತ್ತಿರಲಿ.