ಚೋಕಿನ ಗುಂಡಿ

ಊರಲ್ಲಿ ಯಾರ ಹಲ್ಲು ಉದುರಿದರೂ ಅದರ ಅಳತೆ ಕೊನೆಗೆ ಬಂದು ಸೇರುವುದು ಹಲ್ಲಕ್ಕನ ಮೇಜಿಗೆ. ದಂತವೈದ್ಯರು ಕಳಿಸುವ ಅಚ್ಚು ನೋಡಿ ಹಲ್ಲಿನ ಸೆಟ್ ಮಾಡುವುದು ಅವಳ ಕಸುಬು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಿತ್ತು ಮತ್ತೆ ಮಾಡುವ ಹಟಮಾರಿ. ಇಂಥವಳ ಕೈಗೆ ಅಪ್ಪನ ಹಳೇ ಕಾರು ಸಿಕ್ಕಿತು ನೋಡಿ, ಅಲ್ಲಿಗೆ ಮನೆಯ ನೆಮ್ಮದಿ ಮುಗಿಯಿತು.

ಕಾರು ಇಪ್ಪತ್ತು ವರ್ಷದಿಂದ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಆರು ತಿಂಗಳಲ್ಲಿ ದೃಷ್ಟಿ ಪೂರ್ತಿ ಹೋಗಬಹುದು ಎಂದು ಕಣ್ಣಿನ ಡಾಕ್ಟರು ಹೇಳಿದ ದಿನ ಅಪ್ಪ ಕೇಳಿದ್ದು ಒಂದೇ.

"ಡ್ಯಾಶ್‌ಬೋರ್ಡು ಮುಂಚೆ ಇದ್ದ ಹಾಗೇ ಮಾಡ್ಕೊಡು ಮಗಳೇ. ಒಂದ್ಸಲ ಕಣ್ತುಂಬ ನೋಡಿಬಿಡ್ತೀನಿ."

ಹಲ್ಲಕ್ಕ ಅವತ್ತೇ ಡ್ಯಾಶ್‌ಬೋರ್ಡು ಬಿಚ್ಚಿ, ಅಸಲಿ ಅಲ್ಲದ್ದನ್ನೆಲ್ಲ ಕಸದ ಗಾಡಿಗೆ ಹಾಕಿದಳು. ತಣ್ಣಗಿರುವ ಎಂಜಿನ್ ಶುರು ಮಾಡಲು ಎಳೆಯುವ ಚೋಕ್ ಕಡ್ಡಿಯ ತುದಿಗೆ ಯಾವನೋ ಮರದ ಗುಂಡಿ ಸಿಕ್ಕಿಸಿ ಕಪ್ಪು ಬಣ್ಣ ಬಳಿದಿದ್ದ. ಅವನಿಗೆ ಬಾಯ್ತುಂಬ ಬೈದು ಅದನ್ನೂ ಎಸೆದಳು.

ಆಮೇಲೆ ಶುರುವಾಯಿತು ಅಲೆದಾಟ. ಸ್ಪೀಡೋಮೀಟರ್ ಎಂದು ಒಬ್ಬ ಕಳಿಸಿದ್ದು ಟ್ರ್ಯಾಕ್ಟರಿನದು. ಗಡಿಯಾರದವನು ಒಂದು ತಿಂಗಳು "ನಾಳೆ ಬಾರಕ್ಕ" ಎಂದ. ಗ್ಲವ್‌ಬಾಕ್ಸಿನ ಮುಚ್ಚಳ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಮಹಾನುಭಾವ ಅದರ ಮೇಲೆ ಚಹಾದ ಲೋಟ ಇಟ್ಟುಕೊಂಡಿದ್ದ. ಇದನ್ನೆಲ್ಲ ನೋಡಿ ಅಮ್ಮನಿಗೆ ನಗು.

"ನನ್ನ ಡ್ರಾಯರಿನ ಗುಂಡಿ ಕಳೆದವಳು ಈಗ ಊರೆಲ್ಲ ಗುಂಡಿ ಹುಡುಕ್ತಿದ್ದಾಳೆ!"

ಏಳು ವರ್ಷದವಳಿದ್ದಾಗ ಆ ಗುಂಡಿಗಾಗಿ ಬೆನ್ನಿಗೆ ಬಿದ್ದ ಏಟು ಹಲ್ಲಕ್ಕನಿಗೆ ಇನ್ನೂ ನೆನಪಿದೆ. ತೆಗೆದವಳು ತಾನಲ್ಲ ಎಂದರೆ ಯಾರೂ ಕೇಳಿರಲಿಲ್ಲ. ಬೀರುವಿನ ಮೇಲಿನ ಡ್ರಾಯರನ್ನು ಅಮ್ಮ ಅಂದಿನಿಂದ ದಾರ ಕಟ್ಟಿ ಎಳೆಯುತ್ತಿದ್ದಳು.

ಕೊನೆಗೆ ಉಳಿದದ್ದು ಚೋಕಿನ ಗುಂಡಿಯೊಂದೇ. ಮೊದಲನೆಯದನ್ನು ಅಪ್ಪ ಬೆರಳಲ್ಲಿ ಸವರಿ "ಇದಲ್ಲ" ಎಂದ. ಎರಡನೆಯದೂ ಅಲ್ಲ, ಮೂರನೆಯದೂ ಅಲ್ಲ. ನಾಲ್ಕನೆಯದು ಸಮುದ್ರ ದಾಟಿ, ಕಂಪನಿಯ ಡಬ್ಬಿಯಲ್ಲೇ ಬಂತು. ಅಷ್ಟರಲ್ಲಿ ಐದು ತಿಂಗಳು ಕಳೆದು, ಅಪ್ಪನಿಗೆ ಗೋಡೆಯ ಕ್ಯಾಲೆಂಡರು ಕಾಣುವುದು ನಿಂತಿತ್ತು.

"ಇದೂ ಅಲ್ಲ" ಎಂದ ಅಪ್ಪ.

ಹಲ್ಲಕ್ಕನಿಗೆ ತಲೆ ಕೆಟ್ಟುಹೋಯಿತು. "ಕಂಪನಿಯವರೇ ಮಾಡಿದ್ದಪ್ಪಾ ಇದು! ಕೈ ಮುಗೀತೀನಿ, ಹೇಗಿತ್ತು ಅಂತಾದ್ರೂ ಬಾಯಿ ಬಿಡು!"

ಅಪ್ಪ ಅಡುಗೆಮನೆಯ ಕಡೆ ತಿರುಗಿ ದನಿ ತಗ್ಗಿಸಿದ. "ಮರದ್ದು ಕಣೆ. ನಿಮ್ಮಮ್ಮನ ಡ್ರಾಯರಿಂದು. ಕಂಪನಿದು ಒಡೆದುಹೋಗಿತ್ತು, ಎಲ್ಲೂ ಸಿಗ್ಲಿಲ್ಲ. ಡ್ರಾಯರಿಂದ ಕಿತ್ತು ಕಾರಿಗೆ ಸಿಕ್ಕಿಸಿ ಬಣ್ಣ ಬಳಿದೆ. ಅವಳು ಪಕ್ಕದಲ್ಲೇ ಕೂತು ಓಡಾಡಿದ್ರೂ ಗೊತ್ತಾಗ್ಲಿಲ್ಲ."

ಹಲ್ಲಕ್ಕನಿಗೆ ಮೈಯೆಲ್ಲ ಉರಿಯಿತು. ಮರುಕ್ಷಣವೇ ಕಸದ ಗಾಡಿ ನೆನಪಾಗಿ ಉರಿ ಇಳಿಯಿತು. "ಅದನ್ನ ನಾನೇ ಎಸೆದುಬಿಟ್ಟೆ ಅಪ್ಪ" ಎಂದಳು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ನಲವತ್ತು ವರ್ಷ! ಏನೂ ಅರಿಯದ ಮಗೂಗೆ ನನ್ನ ಕೈಲಿ ಹೊಡೆಸಿದ್ರಲ್ರೀ!"

ದಡದಡ ಒಳಗೆ ಹೋದಳು. ಬೀರು ಅಲುಗಾಡಿದ ಸದ್ದಾಯಿತು. ಸಿಟ್ಟಿಗೆ ಪಾತ್ರೆ ಬಿದ್ದೀತು ಎಂದು ಅಪ್ಪ ಮಗಳು ಕಿವಿ ಮುಚ್ಚಿ ಕೂತರು. ಅಮ್ಮ ಬಂದು ಮಗಳ ಅಂಗೈಗೆ ಮರದ ಗುಂಡಿಯೊಂದನ್ನು ಹಾಕಿದಳು.

"ಕೆಳಗಿನ ಡ್ರಾಯರಿಂದು. ಅದರ ಜೋಡಿನೇ."

"ನಿನ್ನ ಡ್ರಾಯರಿಗೆ?"

"ಒಂದಕ್ಕೆ ದಾರ ಕಟ್ಟಿ ಎಳೆದದ್ದಾಯ್ತಲ್ಲ, ಇನ್ನೊಂದಕ್ಕೂ ಕಟ್ಟಿ ಎಳೀತೀನಿ. ಬಣ್ಣ ಬಳಿಯೋದು ಬೇಡ. ಬೇಗ ಹಾಕು, ಅವರ ಕಣ್ಣು ಕಾಯಲ್ಲ."

ಹಲ್ಲಕ್ಕ ಗುಂಡಿ ಸಿಕ್ಕಿಸಿದಳು. ಅಪ್ಪ ಕಾರಿನ ಸೀಟಿನಲ್ಲಿ ಕೂತು ಕೈ ಚಾಚಿದ. ಬೆರಳು ಗುಂಡಿಯ ಮೇಲೆ ನಿಂತಿತು. "ಇದೇ" ಎಂದ.

"ಮೊದಲು ಮಗಳ ಹತ್ರ ತಪ್ಪಾಯ್ತು ಅನ್ನಿ" ಎಂದಳು ಅಮ್ಮ, ಪಕ್ಕದ ಸೀಟಿನ ಬಾಗಿಲು ತೆಗೆಯುತ್ತಾ. "ಆಮೇಲೆ ನೋಡ್ಕೊಳ್ಳುವಿರಂತೆ, ಎಷ್ಟು ಬೇಕೋ ಅಷ್ಟು."